ಶೇಂಗಾ ಬೀಜದ ಫುಲ್‌ಸ್ಟಾಪು

ಹುರಿದ ಶೇಂಗಾದ ವಾಸನೆಗೆ ನಿಮ್ಮ ಬಾಯಲ್ಲಿ ನೀರೂರಬಹುದು. ನನಗೆ ಮಾತ್ರ ಸಂಶಯ ಹುಟ್ಟುತ್ತದೆ. ಇವತ್ತು ಬೆಳಿಗ್ಗೆ ಗೆಳತಿ ರೇಣವ್ವ ಕೊಪ್ಪಳದ ನಮ್ಮ ಮನೆಗೆ ಬಂದವಳೇ, ನನ್ನನ್ನು ಒಂದು ಮಾತೂ ಕೇಳದೆ ಒಲೆ ಹಚ್ಚಿ ಶೇಂಗಾ ಹುರಿಯತೊಡಗಿದಾಗಲೂ ಹಾಗೇ ಆಯಿತು. ಇವಳಿಗೆ ಏನೋ ಬೇಕಾಗಿದೆ ಅಂದುಕೊಂಡೆ.

ನನ್ನ ಸ್ವಭಾವವೇ ಅಂಥದ್ದು, ಮೊದಲೇ ಹೇಳಿಬಿಡುತ್ತೇನೆ. ಸಂತೆಯಲ್ಲಿ ಕೊತ್ತಂಬರಿ ಜಾಸ್ತಿ ಕೊಟ್ಟರೆ ಕಟ್ಟು ಬಿಚ್ಚಿ ನೋಡುವವಳು ನಾನು. ಅಂಥವಳಿಗೆ ಕುಷ್ಟಗಿಯ ಬಾಡಿಗೆ ಕೋಣೆಯಲ್ಲಿ ಜೊತೆಯಾದವಳು ಯಲಬುರ್ಗಾ ಕಡೆಯ ಬೇವೂರಿನ ಈ ರೇಣವ್ವ. ಇಬ್ಬರೂ ಓದುತ್ತಿದ್ದದ್ದು ಒಂದೇ ಸರ್ಕಾರಿ ನೌಕರಿಗೆ. ನಮ್ಮ ಪಾಲಿಗೆ ಬರಬಹುದಾದ ಹುದ್ದೆಯೂ ಒಂದೇ. ಅದು ತಪ್ಪಿದರೆ ಅಪ್ಪ ನನ್ನ ಓದು ಬಿಡಿಸಿ ಊರಿಗೆ ಕರೆದೊಯ್ಯುವುದು ಖಾತ್ರಿಯಿತ್ತು. ನನಗೆ ಇಂಗ್ಲಿಷು ಬಾರದು, ಅವಳಿಗೆ ಬರುತ್ತಿತ್ತು.

"ನಾ ಕಲಿಸ್ತೀನಿ ಬಾ ಬೇ," ಅಂದಳು. ಎದುರಾಳಿಗೆ ಯಾರಾದರೂ ಕಲಿಸುತ್ತಾರೆಯೇ, ನೀವೇ ಹೇಳಿ.

ಅವಳ ಪಾಠದ ರೀತಿಯೂ ಸಂಶಯಕ್ಕೆ ತಕ್ಕಂತೆಯೇ ಇತ್ತು. ಫರಸಿ ಕಲ್ಲಿನ ನೆಲದ ಮೇಲೆ ಸೀಮೆಸುಣ್ಣದಿಂದ ಇಂಗ್ಲಿಷ್ ವಾಕ್ಯ ಬರೆಯುವಳು, ಚಿಹ್ನೆ ಒಂದೂ ಇಲ್ಲದೆ. ಫುಲ್‌ಸ್ಟಾಪ್ ಬರುವಲ್ಲಿ ನಾನು ಇಡೀ ಶೇಂಗಾ ಬೀಜ ಇಡಬೇಕು, ಕಾಮಾ ಬರುವಲ್ಲಿ ಅರ್ಧ ಬೇಳೆ. ಸರಿಯಿದ್ದರೆ ಬೀಜ ನನಗೆ, ತಪ್ಪಿದ್ದರೆ ಅವಳಿಗೆ. ಶೇಂಗಾ ನಮ್ಮ ಹೊಲದ್ದು, ಹೋಗುತ್ತಿದ್ದದ್ದು ಮಾತ್ರ ಅವಳ ಬಾಯಿಗೆ.

"ತಪ್ಪು," ಅನ್ನುವಳು ಅಗಿಯುತ್ತ.

"ಖರೇನ?"

"ಖರೇನ ಬೇ. ಇನ್ನಾ ಮಾತು ಮುಗದಿಲ್ಲ, ಇಲ್ಲೇ ಯಾಕ ನಿಂದರಸ್ತಿ?"

ನಂಬುವವರು ಯಾರು? ಮರುದಿನ ಬೆಳಿಗ್ಗೆ ವಾಕ್ಯವನ್ನು ಅಂಗೈ ಮೇಲೆ ಬರೆದುಕೊಂಡು, ಹಾಲು ತರುವ ನೆಪ ಹೇಳಿ, ಓಣಿಯ ಟ್ಯೂಷನ್ ಮಾಸ್ತರರ ಹತ್ತಿರ ಓಡುತ್ತಿದ್ದೆ. "ಆಕಿ ಹೇಳಿದ್ದು ಬರೋಬ್ಬರಿ ಐತಲ್ಲವಾ," ಅನ್ನುತ್ತಿದ್ದರು. ದಿನಾ ಹಾಗೇ ಅಂದಾಗ ಮಾಸ್ತರರ ಮೇಲೂ ಸಂಶಯ ಬಂತು. ಅವರೂ ಯಲಬುರ್ಗಾ ಕಡೆಯವರೇ ನೋಡಿ.

ಕೊನೆಗೆ ನೌಕರಿ ಅವಳಿಗೇ ಆಯಿತು. ನೋಡಿದಿರಾ, ಅಂದುಕೊಂಡೆ. ಆದರೆ ಅಂಕ ನೋಡಿದರೆ ಇಂಗ್ಲಿಷಿನಲ್ಲಿ ನನಗೇ ಅವಳಿಗಿಂತ ಹೆಚ್ಚು ಬಂದಿತ್ತು. ನನ್ನನ್ನು ಕೆಡವಿದ್ದು ಬೇರೆ ವಿಷಯಗಳು. ಆ ಇಂಗ್ಲಿಷಿನ ಅಂಕ ನೋಡಿಯೇ ಅಪ್ಪ ಇನ್ನೊಂದು ವರ್ಷ ಓದಲು ಬಿಟ್ಟ, ನನಗೂ ನೌಕರಿ ಸಿಕ್ಕಿತು.

ಇವತ್ತು ಅವಳು ಬಂದ ಕಾರಣ ತಿಳಿದದ್ದು ತಟ್ಟೆ ತುಂಬ ಶೇಂಗಾ ತಂದು ನೆಲಕ್ಕೆ ಕೂತ ಮೇಲೆ. "ಆಫೀಸಿನ್ಯಾಗ ಕಾಗದ ಎಲ್ಲಾ ಇಂಗ್ಲಿಷಿನ್ಯಾಗ ಬರಿ ಅನ್ನಾಕತ್ಯಾರ. ನನಗ ಎಲ್ಲಾ ಮರತೈತಿ. ಈಗ ನೀ ಕಲಸು."

ನಾನು ವಾಕ್ಯ ಬರೆದೆ. ಅವಳು ಬೀಜ ಇಟ್ಟಳು.

"ತಪ್ಪು," ಅಂದು ಎತ್ತಿ ಬಾಯಿಗೆ ಹಾಕಿಕೊಂಡೆ.

ಅವಳು ಕಣ್ಣು ಸಣ್ಣದು ಮಾಡಿ ನನ್ನನ್ನೇ ನೋಡಿದಳು. ನಿಜಕ್ಕೂ ತಪ್ಪೇ ಇತ್ತು. ನನಗೆ ಭಾರಿ ಸಿಟ್ಟು ಬಂತು.

"ಯಾಕ ಹಂಗ ನೋಡ್ತಿ?"

"ಏನಿಲ್ಲ," ಅಂದಳು ಇನ್ನೊಂದು ಬೀಜ ಆರಿಸುತ್ತ. "ಹಾಲು ತರಾಕ ಹೋಗಿ ಬರಲೇನು ಅಂತ ವಿಚಾರ ಮಾಡಾಕತ್ತಿದ್ದೆ."

ನನ್ನ ಹಾಲಿನ ನೆಪವೆಲ್ಲ ಗೊತ್ತಿದ್ದೂ ದಿನಾ ಸಂಜೆ ಸೀಮೆಸುಣ್ಣ ಹಿಡಿದು ಕೂರುತ್ತಿದ್ದಳಲ್ಲ ಈಕೆ. ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ.