ನೂರೈವತ್ತಕ್ಕೊಂದು ಏರು

ಗುರುಸಿದ್ದಪ್ಪ ತೀರಿಕೊಂಡು ಇಂದಿಗೆ ಇಪ್ಪತ್ತಾರು ದಿನ. ಕಾಮಾಲೆಯಾಗಿ ಹನ್ನೊಂದು ದಿನ ಮಲಗಿದ್ದ. ರೈಲ್ವೆಯಲ್ಲಿ ಹಳಿ ನೋಡಿಕೊಳ್ಳುತ್ತಿದ್ದವನ ಬಗ್ಗೆ ಪತ್ರಿಕೆಯವರು ಬರೆಯುವುದಿಲ್ಲ. ಹದಿನಾಲ್ಕು ವರ್ಷದ ಗೆಳೆಯನಾದ ನಾನಾದರೂ ಬರೆಯಬೇಕು. ಎಲ್ಲವನ್ನೂ ಬರೆಯಲು ಈಗ ಕೈ ಬರುತ್ತಿಲ್ಲ. 1955ರ ಪರೀಕ್ಷೆಯ ಸಂಗತಿಯೊಂದನ್ನು ಬರೆಯುತ್ತೇನೆ.

ಅವನದು ಗದಗಿನ ಕಡೆಯ ಹಳ್ಳಿ. ಮ್ಯಾಟ್ರಿಕ್ಕಿನಲ್ಲಿ ಗಣಿತ ನಪಾಸಾಗಿ ರೈಲ್ವೆ ಸೇರಿದ್ದ. ನಾಗಪುರಕ್ಕೆ ವರ್ಗವಾಗಿ ಬಂದಾಗ ಮೇಸ್ತ್ರಿ. ದಿನಕ್ಕೆ ಆರೇಳು ಮೈಲಿ ಹಳಿಯ ಮೇಲೆ ನಡೆಯುತ್ತ ಸಡಿಲವಾದ ಬೋಲ್ಟು, ಕುಸಿದ ಜಲ್ಲಿ ಗುರುತಿಸುವುದು ಅವನ ಕೆಲಸ. ನಲವತ್ತಮೂರನೆಯ ವಯಸ್ಸಿಗೆ ಎಡ ಮೊಣಕಾಲು ಸೋತಿತು. ನಡೆಯುವ ಕೆಲಸ ಇನ್ನು ಬೇಡ ಎಂದು ಡಾಕ್ಟರು ಬರೆದರು. ಹಾಗೆಂದರೆ ಯಾವುದೋ ಗೇಟಿನಲ್ಲಿ ಕೂತು ಬಾವುಟ ತೋರಿಸುವುದು. ಹಳಿಯ ಮೇಲೇ ಉಳಿಯಬೇಕಾದರೆ ಇಲಾಖೆಯ ಪರೀಕ್ಷೆ ಪಾಸಾಗಿ ಇನ್‌ಸ್ಪೆಕ್ಟರರ ಸಹಾಯಕನಾಗಬೇಕು. ಸಹಾಯಕನಿಗೆ ಆಳುಗಳು ತಳ್ಳುವ ಟ್ರಾಲಿ ಇರುತ್ತದೆ, ಕೂತೇ ಹಳಿ ನೋಡಬಹುದು. ಆ ಪರೀಕ್ಷೆಗೆ ಎರಡು ಸಲ ಕೂತು ಎರಡು ಸಲವೂ ಗಣಿತದಲ್ಲಿ ಬಿದ್ದಿದ್ದ. ಮೂರನೆಯದೇ ಕೊನೆಯ ಅವಕಾಶ.

"ಮಾಸ್ತರ, ಗೇಟಿನ್ಯಾಗ ಕುಂತು ಹೋಗೂ ರೈಲಿಗೆ ಸಲಾಂ ಹೊಡಿಯೂದು ನನ್ನ ಕೈಲಾಗೂದಿಲ್ಲ. ನನಗ ಲೆಕ್ಕ ಕಲಿಸು" ಅಂದ.

ನಾನು ಸೀತಾಬರ್ಡಿಯ ಶಾಲೆಯೊಂದರಲ್ಲಿ ಗಣಿತದ ಮಾಸ್ತರ. ಭಾನುವಾರ ಬೆಳಿಗ್ಗೆ ಅಜನಿಯಲ್ಲಿದ್ದ ಅವನ ಕ್ವಾರ್ಟರ್ಸಿಗೆ ಹೋಗಿ ಕಲಿಸತೊಡಗಿದೆ. ಎಲ್ಲ ಬಂತು, ಒಂದು ಮಾತ್ರ ಬರಲಿಲ್ಲ. ಎರಡು ಬಿಂದುಗಳ ಮೂಲಕ ಹಾಯುವ ಸರಳರೇಖೆಯ ಸಮೀಕರಣ ಬರೆಯುವ ಲೆಕ್ಕ ಅದು. ಪರೀಕ್ಷೆಯಲ್ಲಿ ಪ್ರತಿ ವರ್ಷ ಹತ್ತು ಅಂಕಕ್ಕೆ ಬರುತ್ತಿತ್ತು.

(2, 3) ಮತ್ತು (8, 6) ಎಂಬ ಬಿಂದುಗಳನ್ನು ಕೊಟ್ಟೆ. "ಅಡ್ಡಕ್ಕ ಎಷ್ಟು ಹೋದಿ?"

"ಆರು."

"ಮ್ಯಾಲಕ್ಕ?"

"ಮೂರು."

"ಹಂಗಾರ ಇಳಿಜಾರು?"

"ಎರಡು."

ಮೂರನ್ನು ಆರರಿಂದ ಭಾಗಿಸಬೇಕು, ಅರ್ಧ ಬರಬೇಕು ಎಂದು ಮೂರು ಭಾನುವಾರ ಹೇಳಿದೆ. ನಾಲ್ಕನೆಯ ಭಾನುವಾರವೂ ಎರಡು ಎಂದಾಗ ನನಗೆ ಸಿಟ್ಟು ಬಂತು.

"ತಲಿ ಐತೋ ಇಲ್ಲೋ ನಿನಗ?"

"ಐತಿ. ಎರಡಕ್ಕ ಒಂದು ಏರು. ನಮ್ಮಲ್ಲಿ ಎರಡು ಅಂತಲೇ ಬರೀತೀವಿ. ನೀ ಒಮ್ಮೆರ ಹಳಿ ಮಗ್ಗಲಿನ ಬೋರ್ಡ್ ನೋಡಿಯೇನು?"

ಆಗ ನನಗೆ ತಿಳಿಯಿತು. ನೂರೈವತ್ತು ಅಡಿ ಹೋದಾಗ ಹಳಿ ಒಂದು ಅಡಿ ಏರಿದರೆ, ರೈಲ್ವೆಯವರು ಬೋರ್ಡಿನ ಮೇಲೆ 150 ಎಂದಷ್ಟೇ ಬರೆಯುತ್ತಾರೆ. ಅಂಕಿ ದೊಡ್ಡದಾದಷ್ಟೂ ಏರು ಕಡಿಮೆ. ಬೀಜಗಣಿತದಲ್ಲಿ ಇದು ತಿರುಗುಮುರುಗು. ಅವನ ತಪ್ಪು ದಡ್ಡತನದಿಂದ ಬಂದದ್ದಲ್ಲ, ಕಸುಬಿನಿಂದ ಬಂದದ್ದು. ನಾನು ಬೈದದ್ದಕ್ಕೆ ಆವತ್ತೇ ಕ್ಷಮೆ ಕೇಳಬೇಕಿತ್ತು, ಕೇಳಲಿಲ್ಲ.

ಒಳಗಿನಿಂದ ಅವನ ಹೆಂಡತಿ ಗೌರಮ್ಮ ಅಂದಳು: "ಇಪ್ಪತ್ತು ವರ್ಷದಿಂದ ಬಿಗಿದ ಬೋಲ್ಟ್ರೀ ಅದು ಮಾಸ್ತರ್ರ. ನಾಕು ಸಂಡೇದಾಗ ಬಿಚ್ಚತೈತೇನು?"

ಅವಳ ಮಾತು ನಿಜವಾಗಿತ್ತು. ಅದನ್ನು ಬಿಚ್ಚುವ ಆಸೆ ಬಿಟ್ಟು ಇನ್ನೊಂದು ಉಪಾಯ ಹೇಳಿಕೊಟ್ಟೆ. ಮೊದಲ ಬಿಂದುವಿನಿಂದ ಸಮೀಕರಣ ಬರೆ, ಬರೆದ ಮೇಲೆ ಎರಡನೆಯ ಬಿಂದುವನ್ನು ಅದರಲ್ಲಿ ಹಾಕಿ ನೋಡು. ಅವನ ಸಮೀಕರಣ y = 2x − 1. x ಜಾಗದಲ್ಲಿ ಎಂಟು ಹಾಕಿದಾಗ ಹದಿನೈದು ಬಂತು. ಬರಬೇಕಾದದ್ದು ಆರು.

ಗುರುಸಿದ್ದಪ್ಪ ಸೀಮೆಸುಣ್ಣ ಕೆಳಗಿಟ್ಟ. "ಈ ಸ್ಟೇಷನ್‌ದಿಂದ ಹಳಿ ಹಾಕ್ಕೋಂತ ಹ್ವಾದ್ರ ಆ ಸ್ಟೇಷನ್ನಿಗೆ ಕೂಡಬೇಕು. ಇಷ್ಟ ಹೌದಲ್ಲೋ? ಮೊದಲ ಹೇಳಾಕ ನಿನಗೇನಾಗಿತ್ತು?" ಎಂದು ನನ್ನನ್ನೇ ಗದರಿದ. ಅಳಿಸಿ y = x/2 + 2 ಎಂದು ಬರೆದು ಎಂಟು ಹಾಕಿದ. ಆರು ಬಂತು. "ಬರೋಬರ್ ಕೂಡ್ತು."

ಪರೀಕ್ಷೆ ಮುಗಿಸಿ ಅವನು ನೇರ ನನ್ನ ಶಾಲೆಗೇ ಬಂದ. ನೂರು ಅಡಿ ದೂರದಲ್ಲಿ ಎತ್ತರ ಇಪ್ಪತ್ತು, ಏಳುನೂರು ಅಡಿಯಲ್ಲಿ ಇಪ್ಪತ್ನಾಲ್ಕು. ರೇಖೆಯ ಸಮೀಕರಣ ಬರೆಯಿರಿ ಎಂದು ಕೇಳಿದ್ದರಂತೆ.

"ನೂರೈವತ್ತು ಅಂತ ಬರದೇ ಬಿಟ್ಟಿದ್ದೆ ಮಾಸ್ತರ. ಆಮ್ಯಾಲೆ ಏಳುನೂರು ಹಾಕಿ ನೋಡಿದ್ರ ಎತ್ತರ ತೊಂಬತ್ತು ಸಾವಿರದ ಇಪ್ಪತ್ತು ಅಡಿ! ಹಳಿ ಹಿಮಾಲಯಾನೂ ದಾಟಿ ಹೋಗಿತ್ತು. ನಗು ತಡಿಯಾಕಾಗಲಿಲ್ಲ. ಸಾಹೇಬ 'ಕ್ಯಾ ಹುವಾ' ಅಂತ ಗದರಿದ."

"ಮತ್ತ?"

"ಕಿತ್ತು ಹೊಸಾದು ಹಾಕಿದೆ. ನೂರೈವತ್ತರಾಗ ಒಂದು."

ಗಣಿತದಲ್ಲಿ ನಲವತ್ತು ಬೇಕಿತ್ತು. ನಲವತ್ತಮೂರು ಬಂತು. ಕಾಮಠಿಯ ಕಡೆಯ ಹಳಿ ಅವನ ಪಾಲಿಗೆ ಸಿಕ್ಕಿತು, ಮೂರು ವರ್ಷ ನೋಡಿಕೊಂಡ.

ಹೋದ ಮಾಘದಲ್ಲಿ ಕೆಲಸವಿದ್ದು ಕಾಮಠಿಗೆ ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ರಸ್ತೆಯ ಪಕ್ಕದ ಹಳಿಯ ಮೇಲೆ ಅವನ ಟ್ರಾಲಿ ಬಂತು. ಎಡಗಾಲು ಚಾಚಿಕೊಂಡು, ಮೈಯನ್ನು ಮುಂದಕ್ಕೆ ಬಾಗಿಸಿ ಕೂತಿದ್ದ. ಎರಡು ಸಲ ಹೆಸರು ಹಿಡಿದು ಕೂಗಿದೆ. ಟ್ರಾಲಿಯ ಆಳು ನನ್ನ ಕಡೆ ನೋಡಿದ. ಗುರುಸಿದ್ದಪ್ಪ ನೋಡಲಿಲ್ಲ, ಕಣ್ಣು ಹಳಿಯ ಮೇಲಿತ್ತು.