ಉಣ್ಣುವವರನ್ನು ಎಬ್ಬಿಸಿದ ಭಾನುವಾರ

ಕಾಯಿಲೆ ಬಿದ್ದವರನ್ನು ನೋಡಲು ಬರುವುದು ನಮ್ಮ ಯಜಮಾನರ ಕಡೆಯವರಿಗೆ ಮದುವೆಗೆ ಹೋದಷ್ಟೇ ಮುಖ್ಯ. ಬರದಿದ್ದರೆ ಮಾತು ಬರುತ್ತದೆ. ಬಂದವರು ಉಣ್ಣದೆ ಹೋದರೆ ಅದಕ್ಕಿಂತ ದೊಡ್ಡ ಮಾತು ಬರುತ್ತದೆ. ಅಮೃತಹಳ್ಳಿ ನಿಜವಾಗಿ ಹಳ್ಳಿಯಾಗಿದ್ದ ಕಾಲದಿಂದ ಇಲ್ಲೇ ಇರುವ ಮನೆ ನಮ್ಮದು. ಹೊಲವಿದ್ದ ಕಡೆ ಈಗ ಬಾಡಿಗೆ ಮನೆಗಳು ಎದ್ದಿವೆ, ಆದರೆ ನಮ್ಮ ಅತ್ತೆಯ ಅಡುಗೆಮನೆಯ ಕಾನೂನು ಮಾತ್ರ ಹೊಲ ಇದ್ದಾಗಿನದೇ. ಉಣ್ಣಲು ಕೂತವರನ್ನು ಯಾವ ಕಾರಣಕ್ಕೂ ಎಬ್ಬಿಸುವಂತಿಲ್ಲ. ಒಮ್ಮೆ ಪಕ್ಕದ ಮನೆಯ ಸಿಲಿಂಡರ್ ಹೊತ್ತಿಕೊಂಡು ಬೀದಿಯವರೆಲ್ಲ ಕೂಗಾಡುತ್ತಿದ್ದಾಗಲೂ ಅತ್ತೆ, "ಉಣ್ಣೋರು ಉಣ್ಲಿ" ಎಂದು ಸಾರು ಬಡಿಸುತ್ತಲೇ ಇದ್ದರು.

ನನಗೆ ಎರಡನೇ ಕೀಮೋ ಆಗಿ ವಾರ ಕಳೆದಿತ್ತು. ತಲೆ ಬೋಳಾಗಿತ್ತು, ಬಾಯಿ ತುಂಬ ಹುಣ್ಣು, ಒಗ್ಗರಣೆಯ ವಾಸನೆ ಬಂದರೆ ಸಾಕು, ಹೊಟ್ಟೆ ತೊಳಸುತ್ತಿತ್ತು. ರಕ್ತದಲ್ಲಿ ಸೋಂಕು ತಡೆಯುವ ಬಿಳಿ ಕಣಗಳು ಇಳಿಯುವ ಸಮಯ, ಜನರಿಂದ ದೂರ ಇರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ನಾನು ಅದನ್ನು ಯಜಮಾನರಿಗೆ ಹೇಳಿದರೆ, "ದೊಡ್ಡೋರಿಗೆ ಬರ್ಬೇಡಿ ಅಂತ ಹೇಗ್ ಹೇಳ್ಲಿ ಕಣೇ" ಎಂದು ತಲೆ ಕೆರೆದುಕೊಂಡರು. ಕ್ಯಾನ್ಸರ್ ಬಂದಿರುವುದು ನನಗೆ, ಸಂಕೋಚ ಇವರಿಗೆ!

ಆ ಭಾನುವಾರ ಅತ್ತೆಯ ತಮ್ಮ ಚಿಕ್ಕಬಾಣಾವರದಿಂದ ಹೆಂಡತಿಯ ಜೊತೆ ಬಂದರು. ಎಪ್ಪತ್ತರ ಆಸುಪಾಸಿನಲ್ಲೂ ದೊಡ್ಡ ಕಾರನ್ನು ತಾವೇ ಓಡಿಸುವ ಮನುಷ್ಯ. ನಾವೆಲ್ಲ ಅವರನ್ನು ಮಾವ ಎನ್ನುತ್ತೇವೆ. ನಮ್ಮ ಬೀದಿ ಇಕ್ಕಟ್ಟು, ಬಂದವರ ಕಾರು ನಮ್ಮ ಗೇಟಿಗೇ ಅಡ್ಡ ನಿಲ್ಲುತ್ತದೆ, ಅದರ ಹಿಂದೆ ನಮ್ಮ ಕಾರು ಬಂದಿ. ಮಾವನ ಹೆಂಡತಿ ನನ್ನ ಕೋಣೆಗೆ ಬಂದು, ಕೆನ್ನೆ ಸವರಿ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಹತ್ತಿರದಲ್ಲೇ ಅತ್ತರು. ನಾನು ಮಾಸ್ಕಿನೊಳಗೆ ಉಸಿರು ಬಿಗಿಹಿಡಿದು ಕೂತಿದ್ದೆ. ಆಮೇಲೆ ಅವರೂ ಹಾಲಿಗೆ ಹೋದರು, ನಾಟಿ ಕೋಳಿ ಸಾರಿನ ಊಟ ಶುರುವಾಯಿತು.

ಚಳಿ ಬಂದದ್ದು ಆಗ. ಹೊರಗೆ ಬೇಸಿಗೆಯ ಉರಿಬಿಸಿಲು. ನನಗೆ ಮಾತ್ರ ಬೆನ್ನಿನ ಒಳಗಿನಿಂದ ತಣ್ಣೀರು ಸುರಿದ ಹಾಗಾಗಿ, ಹಲ್ಲು ಕಟಕಟ ಎನ್ನತೊಡಗಿತು. ಮಂಚವೇ ಅಲುಗಾಡುತ್ತಿತ್ತು. ಥರ್ಮಾಮೀಟರನ್ನು ಹೇಗೋ ಕಂಕುಳಲ್ಲಿ ಇಟ್ಟುಕೊಂಡೆ. ನೋಡಿದರೆ ನೂರ ಒಂದು ದಾಟಿದೆ.

ಕೀಮೋ ಕೊಟ್ಟ ದಿನ ನರ್ಸ್ ಹೇಳಿದ್ದ ಮಾತು ಇಷ್ಟೇ: "ಅಮ್ಮ, ನೂರರ ಮೇಲೆ ಜ್ವರ ಏರ್ತಾ ಇದ್ರೆ, ಚಳಿ ನಡುಕ ಬಂದ್ರೆ, ಯಾವ ಹೊತ್ತಾದ್ರೂ ಸರಿ, ತಕ್ಷಣ ಬಂದ್ಬಿಡಿ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನುಂಗಿ ಮಲಗ್ಬೇಡಿ. ಜ್ವರ ಇಳಿದಂಗೆ ಕಾಣುತ್ತೆ, ಒಳಗೆ ಸೋಂಕು ಬೆಳೀತಾ ಇರುತ್ತೆ."

ಯಜಮಾನರನ್ನು ಕೂಗಿ ಹೇಳಿದೆ. ಅವರ ಮುಖ ಬಿಳಿಚಿಕೊಂಡಿತು. ಬಾಗಿಲವರೆಗೆ ಹೋದರು, ಊಟಕ್ಕೆ ಕೂತವರನ್ನು ನೋಡಿದರು, ವಾಪಸ್ ಬಂದರು. "ಮಾವ ಈಗಷ್ಟೇ ಕೂತಿದಾರೆ. ಅವ್ರ ಕಾರ್ ತೆಗೀದೆ ನಮ್ದು ಬರಲ್ಲ. ಒಂದ್ ಐದ್ ನಿಮಿಷ ಇರ್ತೀಯಾ?" ಎಂದರು. ಕ್ಯಾಬ್ ಹುಡುಕಿದರು, ಯಾವುದೂ ಒಪ್ಪಲಿಲ್ಲ. ಮುಖ್ಯರಸ್ತೆಗೆ ನಡೆದು ಆಟೋ ಹಿಡಿಯೋಣವೆಂದರೆ ನನ್ನ ಕಾಲು ನಿಲ್ಲುವುದಿಲ್ಲ. ಇವರ ಮೇಲೆ ಕೆಂಡದಂಥ ಕೋಪ ಬಂತು. ಆದರೆ ಬೈಯಲು ಹಲ್ಲುಗಳು ಬಿಡಬೇಕಲ್ಲ.

ಸದ್ದು ಕೇಳಿ ಅತ್ತೆ ಬಂದರು. ಕಂಬಳಿ ತಂದು ಹೊದಿಸಿದರು. "ಮೆಣಸಿನ ಕಷಾಯ ಕಾಯಿಸ್ತೀನಿ ಇರು. ಬೆವರು ಬಿಟ್ರೆ ಜ್ವರ ಇಳೀತೈತೆ" ಎಂದು ನನ್ನ ಪಾದ ಉಜ್ಜತೊಡಗಿದರು. ಆ ಕೈಗಳ ಒರಟುತನಕ್ಕೆ ನನಗೆ ಅಳು ಬಂತು. ಈ ಮನೆಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಅವರೊಂದಿಗೆ ಉಪ್ಪು ಖಾರಕ್ಕೆಲ್ಲ ಜಗಳವಾಡಿದ್ದೇನೆ, ಹೆದರಿಕೆಯಾಗುತ್ತಿದೆ ಎಂದು ಮಾತ್ರ ಒಮ್ಮೆಯೂ ಹೇಳಿರಲಿಲ್ಲ.

"ಅತ್ತೆ, ಇದು ಬೆವರಿಗೆ ಇಳಿಯೋ ಜ್ವರ ಅಲ್ಲ. ನನ್ ಮೈಯಲ್ಲಿ ತಡಕೊಳ್ಳೋ ಶಕ್ತಿನೇ ಇಲ್ಲ ಈಗ. ಲೇಟಾದ್ರೆ ನಾನು ಉಳಿಯಲ್ಲ. ನಂಗೆ ಭಯ ಆಗ್ತಿದೆ."

ಅತ್ತೆ ಉಜ್ಜುವುದನ್ನು ನಿಲ್ಲಿಸಿದರು. ನನ್ನ ಮುಖ ನೋಡಿದರು. ಎದ್ದು ಹಾಲಿಗೆ ಹೋದರು.

"ಏಳಪ್ಪ ಮ್ಯಾಕೆ. ಕಾರ್ ತೆಗಿ."

"ಅಕ್ಕ, ಮುದ್ದೆ ಈಗಿನ್ನೂ ಮುರ್ದಿದೀನಿ..."

"ಮುದ್ದೆ ಆಮೇಲೂ ಉಣ್ಬೋದು. ಈ ಉಡ್ಗೀನ ಆಮೇಲ್ ಕರ್ಕೊಂಡ್ ಓಗಕ್ಕಾಗಲ್ಲ. ಕೈ ತೊಳ್ಯಕ್ ನಿಂತ್ಕಬ್ಯಾಡ, ಏಳು!"

ಉಡ್ಗಿ ಎಂದರೆ ನಾನು, ಐವತ್ತು ದಾಟಿದವಳು. ಮಾವ ಎದ್ದರು. ತಮ್ಮ ಕಾರಿನಲ್ಲೇ ನನ್ನನ್ನೂ ಯಜಮಾನರನ್ನೂ ಕೂರಿಸಿಕೊಂಡು ಹೆಬ್ಬಾಳದ ಆಸ್ಪತ್ರೆಯ ಕಡೆಗೆ ಓಡಿಸಿದರು. ಸ್ಟೇರಿಂಗ್ ಹಿಡಿದ ಅವರ ಬಲಗೈಯಲ್ಲಿ ಸಾರು ಒಣಗಿತ್ತು. ದಾರಿಯುದ್ದಕ್ಕೂ ಅವರು ಆಡಿದ್ದು ಒಂದೇ ಮಾತು, "ಎದುರ್ಕೋಬ್ಯಾಡ ಕಣವ್ವ."

ಆಸ್ಪತ್ರೆಯಲ್ಲಿ ಕೀಮೋ ಎಂದ ಕೂಡಲೇ ಒಳಗೆ ಕರೆದುಕೊಂಡರು. ರಕ್ತ ತೆಗೆದರು, ಸೋಂಕಿನ ಔಷಧಿಯನ್ನು ನರಕ್ಕೆ ಹನಿಸಲು ಶುರು ಮಾಡಿದರು. ರಿಪೋರ್ಟ್ ಬಂದ ಮೇಲೆ ಡ್ಯೂಟಿ ಡಾಕ್ಟರು, "ಬಿಳಿ ಕಣ ಇಲ್ಲವೇ ಇಲ್ಲ ಅನ್ನೋ ಹಾಗಾಗಿದೆ. ಸಂಜೆವರೆಗೂ ಕಾದಿದ್ರೆ ತುಂಬಾ ಕಷ್ಟ ಆಗ್ತಿತ್ತು" ಎಂದರು. ಯಜಮಾನರು ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು. ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತುಗಳು ಆಮೇಲೆ ನನಗೆ ಬೇಕಾಗಲಿಲ್ಲ. ಜ್ವರ ಕೆಲವು ದಿನ ಏರುತ್ತಾ ಇಳಿಯುತ್ತಾ ಆಟ ಆಡಿಸಿತು. ಇಷ್ಟೊಂದು ಬದುಕುವ ಆಸೆ ನನ್ನಲ್ಲಿತ್ತೆ ಎಂದು ನನಗೇ ಆಶ್ಚರ್ಯ. ಆಸೆಯೆಂದರೆ ದೊಡ್ಡದೇನಲ್ಲ, ಬಾಯಿಯ ಹುಣ್ಣು ವಾಸಿಯಾಗಿ ಒಂದು ತುತ್ತು ಖಾರದ ಊಟ ಮಾಡಬೇಕು, ಅಷ್ಟೇ.

ಮನೆಗೆ ಬಂದರೆ ಗೇಟಿನ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಅತ್ತೆ ಕೂತಿದ್ದರು. ಮುಂದಿನ ಕೀಮೋಗಳು ಮುಗಿಯುವವರೆಗೂ ಅದೇ ಅವರ ಜಾಗವಾಯಿತು. ಬಂದ ನೆಂಟರನ್ನೆಲ್ಲ ಅಲ್ಲಿಂದಲೇ ಮಾತಾಡಿಸಿ, ಮುದ್ದೆ ಸಾರನ್ನು ಡಬ್ಬಿಗೆ ಹಾಕಿ ಗೇಟಿನಾಚೆ ಕೊಟ್ಟು ಕಳಿಸುತ್ತಿದ್ದರು. ಬೀದಿಯಲ್ಲಿ ನಿಲ್ಲಿಸಿ ಕಳಿಸಿದಳು ಎಂದು ಊರೆಲ್ಲ ಆಡಿಕೊಂಡಿತು.

ಒಂದು ದಿನ ಮಾವ ಬಂದರು. ಅವರನ್ನಾದರೂ ಒಳಗೆ ಬಿಡುತ್ತಾರೆ ಎಂದುಕೊಂಡು ನಾನು ಕಿಟಕಿಯ ಬಳಿ ಹೋದೆ. ಅತ್ತೆ ಗೇಟಿನ ಚಿಲಕ ತೆಗೆಯಲಿಲ್ಲ.

"ಅಕ್ಕ, ಅವತ್ತು ಉಣ್ತಾ ಇದ್ದೋನ್ನ ಎಬ್ಬಿಸ್ದೆ, ಎದ್ದೆ. ಇವತ್ತು ಒಳಿಕ್ಕೇ ಬಿಡಲ್ಲ ಅಂತೀಯ. ನಾನ್ ನಿಂಗೆ ಬ್ಯಾಡ್ವಾ?" ಮಾವ ಗೇಟಿನ ಸರಳು ಹಿಡಿದು ಕೇಳಿದರು.

"ಬೇಕು ಕಣಪ್ಪ. ನಂಗಿರೋ ತಮ್ಮ ನೀನೊಬ್ನೇ" ಎಂದರು ಅತ್ತೆ. "ನೀನ್ ಮುನಿಸ್ಕೊಂಡ್ರೆ ನಾಳೆ ಬಂದು ನಿನ್ ಕಾಲ್ ಇಡ್ಕೊಂತೀನಿ. ಇವ್ಳು ಓಗ್ಬಿಟ್ರೆ ನಾನ್ ಯಾರ್ ಕಾಲ್ ಇಡ್ಕೊಳ್ಳಾನ?"

ಕಿಟಕಿಯ ಈಚೆ ನಾನು ಜೋರಾಗಿಯೇ ಅತ್ತುಬಿಟ್ಟೆ.