ತಿರುವಿದ ವಾಯುನೌಕೆ

ಮಾಸ್ತರ, ನಿಮ್ಮ ಕಣ್ಣು ತಪ್ಪಿರಲಿಲ್ಲ. ಆ ವಾಯುನೌಕೆಯ ಚಿತ್ರವನ್ನು ಎಡಬಲ ತಿರುವಿ ಹಾಕಿದವಳು ನಾನು. ಕೈತಪ್ಪಿನಿಂದ ಆದದ್ದಲ್ಲ — ಬೇಕೆಂದೇ ತಿರುವಿದೆ. ತಿರುವಿದ್ದೀರಾ ಎಂದು ನೀವು ಕೇಳಿದಾಗ ಇಲ್ಲ ಅಂದೆ.

ಇದನ್ನು ನಿಮ್ಮೊಬ್ಬರ ಕಿವಿಯಲ್ಲಿ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ನೀವು ಸೋತದ್ದು ಎಲ್ಲರ ಎದುರಿಗೆ. ನಾನು ಒಪ್ಪಿಕೊಳ್ಳುವುದೂ ಎಲ್ಲರ ಎದುರಿಗೇ, ಹಳೆಯ ವಿಮಾನಗಳ ನಮ್ಮ ಫೋನ್ ಗುಂಪಿನಲ್ಲೇ ಆಗಬೇಕು. ಅದಕ್ಕಾಗಿ ನಿಮಗೆ ಗೊತ್ತಿರುವುದನ್ನೂ ಗೊತ್ತಿಲ್ಲದವರಿಗೆಂದು ಬಿಡಿಸಿ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ನಾನು ಶಾರದಾ. ಕೊಟ್ಟೂರಿನ ಬಸ್ ನಿಲ್ದಾಣದ ಹತ್ತಿರ ನಮ್ಮಪ್ಪ ಹಾಕಿದ ಫೋಟೋ ಸ್ಟುಡಿಯೋ ನಡೆಸುತ್ತೇನೆ. ಹಮ್ಮಿನವಳು. ಇದನ್ನು ನಾಚಿಕೊಂಡು ಹೇಳುತ್ತಿಲ್ಲ, ಇರುವ ಹಮ್ಮನ್ನು ಎಲ್ಲಿ ಬಚ್ಚಿಡಲಿ? ಒಂದು ಹಳೆಯ ವಿಮಾನದ ರೆಕ್ಕೆಯ ತುದಿ ತೋರಿಸಿ — ಎರಡು ಕೋಲು, ಒಂದು ತಂತಿ, ಒಂದಿಷ್ಟು ಬಟ್ಟೆ ಕಂಡರೆ ಸಾಕು. ಅದು ಯಾವ ದೇಶದ್ದು, ಯಾವ ಕಾರ್ಖಾನೆಯದು, ಹಾರಿತ್ತೋ ಹಾರದೇ ಮುರಿದು ಬಿದ್ದಿತ್ತೋ ಹೇಳುತ್ತೇನೆ. ಮನುಷ್ಯ ಹಾರಲು ಕಲಿತ ಮೊದಲ ವರ್ಷಗಳಲ್ಲಿ ಎಂತೆಂಥವರೋ ಎಂತೆಂಥವೋ ಯಂತ್ರ ಕಟ್ಟಿದರು, ಒಂದೆರಡು ಚಿತ್ರ ಬಿಟ್ಟು ಏನೂ ಉಳಿಯಲಿಲ್ಲ. ಆ ಚಿತ್ರಗಳೂ ಹರಿದವು, ಮಾಸಿದವು. ಅಂಥವಕ್ಕೆ ಹೆಸರು ಹುಡುಕಿಕೊಡುವುದು ನಮ್ಮ ಹುಚ್ಚು. ದೂರದ ದೇಶದ ಸಂಗ್ರಹಾಲಯದವರು ಚಿತ್ರ ಕಳಿಸಿ ಕೊಟ್ಟೂರಿನ ಹೆಂಗಸಿನ ಉತ್ತರಕ್ಕೆ ಕಾಯುತ್ತಾರೆ ಎಂದರೆ ನಮ್ಮ ಓಣಿಯವರು ಇವತ್ತಿಗೂ ನಂಬುವುದಿಲ್ಲ.

ಈ ಕಣ್ಣು ಕೊಟ್ಟವರು ನಮ್ಮಪ್ಪ. ರೀಲಿನ ಕಾಲದಲ್ಲಿ ಅವರು ಒಂದು ಮದುವೆಯ ಫೋಟೋಗಳನ್ನೆಲ್ಲ ನೆಗೆಟಿವ್ ಮಗುಚಿ ಹಾಕಿ ತೆಗೆದುಬಿಟ್ಟಿದ್ದರು. ಗಂಡನ ಎಡಕ್ಕೆ ಕೂತ ಮದುಮಗಳು ಬಲಕ್ಕೆ ಬಂದಿದ್ದಳು, ಸೆರಗು ಬಲಭುಜದ ಮೇಲೆ. ಬೀಗರು ಅಂಗಡಿಗೇ ಬಂದು ಕೂಗಾಡಿದರು. ಅಪ್ಪ ಕೈಮುಗಿದು ಎಲ್ಲವನ್ನೂ ಹೊಸದಾಗಿ ಹಾಕಿಕೊಟ್ಟರು. ಅವತ್ತಿನಿಂದ ಮನೆಯಲ್ಲಿ ಒಂದೇ ಪಾಠ: "ಮಕ ಆಮ್ಯಾಲೆ ನೋಡು. ಮೊದ್ಲು ಸೆರಗು ನೋಡು, ಅಂಗಿ ಗುಂಡಿ ನೋಡು." ತಿರುವಿದ ಚಿತ್ರ ನನ್ನ ಕಣ್ಣಿಗೆ ಇವತ್ತಿಗೂ ಊಟದಲ್ಲಿ ಕಲ್ಲು ಸಿಕ್ಕಂತೆ ಸಿಗುತ್ತದೆ.

ನೀವು — ಹಿರೇಹಡಗಲಿಯ ಡ್ರಾಯಿಂಗ್ ಮಾಸ್ತರ ವಿರುಪಣ್ಣ — ಒಂದು ಹರಿದ ಪುಟ ಹಿಡಿದು ನಮ್ಮ ಅಂಗಡಿಗೆ ಬಂದಿರಿ. ಅದರಲ್ಲಿ ಅರ್ಧ ವಿಮಾನವಿತ್ತು. "ಇದರ ಉಳಿದರ್ಧ ಎಲ್ಲಿ ಸಿಗ್ತೈತ್ರಿ ಅಕ್ಕಾರ?" ಅಂದಿರಿ. ತಲೆ ಕೆಟ್ಟವರು ಅಂದುಕೊಂಡೆ. ಆಮೇಲೆ ನೀವು ಆ ಪುಟವನ್ನು ಬಿಳಿ ಹಾಳೆಯ ಮೇಲಿಟ್ಟು ಪೆನ್ಸಿಲ್ ತೆಗೆದು, ಮುರಿದ ಗೆರೆ ನಿಂತಲ್ಲಿಂದ ಮುಂದುವರಿಸಿ, ಇಲ್ಲದ ಅರ್ಧವನ್ನು ಬಿಡಿಸುತ್ತ ಹೋದಿರಿ. ಕೋಲು ಹೀಗೆ ಬಾಗಿದ್ದರೆ ಭಾರ ಅಲ್ಲಿರಬೇಕು, ಭಾರ ಅಲ್ಲಿದ್ದರೆ ಗಾಲಿ ಇಲ್ಲಿರಬೇಕು... ಕೆಲವು ದಿನಗಳ ಮೇಲೆ ಕಂಪ್ಯೂಟರಿನಲ್ಲಿ ಹುಡುಕಿ ಪೂರ್ತಿ ಚಿತ್ರ ಸಿಕ್ಕಾಗ ನಿಮ್ಮ ಪೆನ್ಸಿಲ್ಲಿನ ವಿಮಾನವನ್ನು ಪಕ್ಕಕ್ಕೆ ಹಿಡಿದೆ. ಗಾಲಿ ಇದ್ದಲ್ಲೇ ಇತ್ತು. ನನಗೆ ಈ ಹುಚ್ಚು ಹಿಡಿದದ್ದು ಅವತ್ತು.

ಹಾಗೆ ನಮ್ಮಿಬ್ಬರಿಂದ ಗುಂಪು ಬೆಳೆಯಿತು. ಕೂಡ್ಲಿಗಿಯ ಲೆಕ್ಚರರ್, ಹಗರಿಬೊಮ್ಮನಹಳ್ಳಿಯ ಔಷಧಿ ಅಂಗಡಿಯ ಬಸಣ್ಣ, ಹರಪನಹಳ್ಳಿಯ ಒಬ್ಬಿಬ್ಬರು, ಆಮೇಲೆ ಫೋನಿನಲ್ಲಿ ಎಲ್ಲೆಲ್ಲಿಯವರೋ. ಒಬ್ಬರು ಚಿತ್ರದ ಒಂದು ತುಂಡು ಹಾಕುವುದು, ಉಳಿದವರು ಗುರುತು ಹೇಳಿ ಹೆಸರು ಹೇಳುವುದು. ಕಟ್ಟಳೆ ಒಂದೇ: ಚಿತ್ರವನ್ನು ಎಷ್ಟು ಬೇಕಾದರೂ ಕತ್ತರಿಸಿ, ತಿರುವಬೇಡಿ. ಆ ಕಟ್ಟಳೆ ಮಾಡಿದವಳು ನಾನೇ. ಮಾಡುವಾಗ ಅಪ್ಪನ ಮದುವೆ ಫೋಟೋದ ಕಥೆಯನ್ನು ಎಷ್ಟು ಜಂಬದಿಂದ ಹೇಳಿದ್ದೆ!

ಆಮೇಲೆ ಆ ಭಾನುವಾರ ಬಂತು. ಎಲ್ಲರೂ ನಮ್ಮ ಸ್ಟುಡಿಯೋದಲ್ಲಿ ಮಂಡಕ್ಕಿ ತಿನ್ನುತ್ತ ಕೂತಿದ್ದೆವು. ಸಾಲಾಗಿ ನೀವೇ ಗೆಲ್ಲುತ್ತಿದ್ದಿರಿ. ಬಸಣ್ಣ ನನ್ನನ್ನು ಕೆಣಕಿದ, ಅದಕ್ಕೆ ನೀವು ನಗುತ್ತ ಅಂದಿರಿ: "ಫೋಟೋ ತೆಗೆಯೋದು ಬ್ಯಾರೆ, ನೋಡೋದು ಬ್ಯಾರೆ ಐತಿ ಬಿಡ್ರಿ. ಅಕ್ಕಾರು ತೆಗೀತಾರ, ನಾವು ನೋಡ್ತೀವಿ."

ತಮಾಷೆಯ ಮಾತು. ಎಲ್ಲರೂ ನಕ್ಕರು, ನಾನೂ ನಕ್ಕೆ. ಮನಸ್ಸಿನಲ್ಲಿ ಮಾತ್ರ ಅಂದುಕೊಂಡೆ: ನಮ್ಮಪ್ಪನ ಅಂಗಡಿಯಲ್ಲಿ ಕೂತು, ನಮ್ಮ ಮಂಡಕ್ಕಿ ತಿಂದು, ನನಗೆ ನೋಡಲು ಬರುವುದಿಲ್ಲ ಅಂದರಲ್ಲ...

ಆ ವಾಯುನೌಕೆಯ ಚಿತ್ರ ನನಗೆ ಆಗಲೇ ಸಿಕ್ಕಿತ್ತು. ಉದ್ದನೆಯ ಗಾಳಿಚೀಲ, ಕೆಳಗೆ ಹಗ್ಗಗಳಿಂದ ತೂಗುಬಿಟ್ಟ, ಜನ ಕೂರುವ ತೊಟ್ಟಿಲು. ಅದನ್ನು ಕಟ್ಟಿದವರು ಅಂಥವು ಎರಡನ್ನು ಮಾಡಿದ್ದರು, ಅವಳಿಜವಳಿ. ಮೊದಲನೆಯದಕ್ಕೆ ಹೊಗೆಕೊಳವೆ ತೊಟ್ಟಿಲಿನ ಎಡಕ್ಕೆ, ಎರಡನೆಯದಕ್ಕೆ ಬಲಕ್ಕೆ. ನನ್ನಲ್ಲಿದ್ದದ್ದು ಮೊದಲನೆಯದರ ಚಿತ್ರ. ಮರುದಿನ ಮಧ್ಯಾಹ್ನ ಶಟರ್ ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತೆ. ಪಕ್ಕದಲ್ಲಿ ಕೋಟು ತೊಟ್ಟ ಒಬ್ಬ ಮನುಷ್ಯ ನಿಂತಿದ್ದ — ಕೋಟಿನ ಗುಂಡಿ ಗುಟ್ಟು ಬಿಟ್ಟುಕೊಡುತ್ತದೆ, ಅವನನ್ನು ಕತ್ತರಿಸಿದೆ. ಚೀಲದ ಮೇಲೆ ಅಕ್ಷರಗಳಿದ್ದವು, ಅವನ್ನೂ ಕತ್ತರಿಸಿದೆ. ತೊಟ್ಟಿಲು, ಕೊಳವೆ, ನಾಲ್ಕು ಹಗ್ಗ ಉಳಿದವು. ಆಮೇಲೆ ತಿರುವಿದೆ. ಅಪ್ಪ ಕಲಿಸಿದ್ದನ್ನೆಲ್ಲ ಅಪ್ಪನ ಪಾಠದ ವಿರುದ್ಧವೇ ಬಳಸಿದೆ.

ಗುಂಪಿಗೆ ಹಾಕಿದ ಸ್ವಲ್ಪ ಹೊತ್ತಿಗೆ ನಿಮ್ಮ ದನಿ ಬಂತು. ನೀವು ಬರೆಯುವವರಲ್ಲ, ಫೋನಿನಲ್ಲಿ ಮಾತಾಡಿ ಕಳಿಸುವವರು. "ತೊಟ್ಲದ ಮೂತಿ ತುಸು ಬಾಗೇತಿ. ಇದು ಮೊದಲ್ನೇದು."

ಕೊಳವೆ ಬಲಕ್ಕಿದೆಯಲ್ಲ, ಸರಿಯಾಗಿ ನೋಡಿ, ಎಂದು ಬರೆದೆ. ಉಳಿದವರೂ ನೋಡಿದರು. ಹೌದು, ಬಲಕ್ಕಿದೆ, ಎರಡನೆಯದೇ, ಅಂದರು. ಗೆದ್ದೆ ಅಂದುಕೊಂಡೆ. ಆಮೇಲೆ ಗುಂಪಿಗಲ್ಲ, ನೇರ ನನಗೇ ಫೋನ್ ಮಾಡಿದಿರಿ.

"ಅಕ್ಕಾರ, ಇವರ ಎಲ್ಲಾ ಚಿತ್ರದಾಗೂ ಹಗ್ಗದ ಹುರಿ ಬಲಕ್ಕ ಇರ್ತೈತಿ. ಇದರಾಗ ಎಡಕ್ಕೈತಿ. ಚಿತ್ರ ತಿರುವಿಲ್ಲಲ್ರಿ?"

ಹಗ್ಗ! ಗುಂಡಿ ಕತ್ತರಿಸಿದವಳಿಗೆ, ಅಕ್ಷರ ಕತ್ತರಿಸಿದವಳಿಗೆ ಹಗ್ಗದ ನೆನಪಾಗಿರಲಿಲ್ಲ. ಚಿತ್ರ ತಿರುವಿದರೆ ಹಗ್ಗದ ಎಳೆ ಸುತ್ತಿದ ದಿಕ್ಕೂ ತಿರುಗುತ್ತದೆ. ಒಪ್ಪಿಕೊಂಡಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು — ನೀವು ನಗುತ್ತಿದ್ದಿರಿ, ನಾಲ್ಕು ದಿನ ಕಾಡಿಸುತ್ತಿದ್ದಿರಿ, ಅಷ್ಟೇ. ಆದರೆ ನಾನು ಅಂದೆ:

"ನಮ್ಮ ಸ್ಟುಡಿಯೋದಾಗ ತಿರುವಿದ ಚಿತ್ರ ಹೊಸ್ತಿಲಾ ದಾಟಂಗಿಲ್ಲ ಮಾಸ್ತರ."

"ಹೌದಲ್ರಿ. ನೀವು ತಿರುವೋರಲ್ಲ. ಹಂಗಾದ್ರ ನನ್ನ ಕಣ್ಣಽ ತಪ್ಪ್ಯಾವ." ಅಷ್ಟು ಹೇಳಿ ಫೋನ್ ಇಟ್ಟಿರಿ. ಆಮೇಲೆ ಗುಂಪಿನಲ್ಲಿ ಎಲ್ಲರಿಗೂ ಕೇಳುವಂತೆ, ಅಕ್ಕಾರು ಹೇಳಿದ್ದು ಖರೆ, ನಂದು ತಪ್ಪು ಅಂದಿರಿ.

ನನ್ನ ಮೋಸ ನಿಮ್ಮನ್ನು ಸೋಲಿಸಲಿಲ್ಲ ಮಾಸ್ತರ. ಅದನ್ನು ನೀವು ಹಿಡಿದುಬಿಟ್ಟಿದ್ದಿರಿ. ನೀವು ಸೋತದ್ದು ನನ್ನ ಮೇಲಿನ ನಂಬಿಕೆಗೆ.

ಮುಂದೆ ನೀವು ತಾಲೂಕು ಕೇಂದ್ರ ಹಡಗಲಿಗೆ ಹೋಗಿ ಕಣ್ಣು ತೋರಿಸಿಕೊಂಡಿರಿ. ಡಾಕ್ಟರು ಏನಂದರು ಎಂದು ಕೇಳಿದಾಗ, "ಕಣ್ಣು ಚಲೋ ಅದಾವಂತ್ರಿ. ಹಂಗಾದ್ರ ತಲೀನಽ ಹೋಗೇತಿ ಅನಸ್ತೈತಿ" ಅಂದು ನಕ್ಕಿರಿ. ಆ ನಗೆ ಕೇಳಿಯೂ ಬಾಯಿ ಬಿಡಲಿಲ್ಲ. ನಿಮ್ಮ ಪೆನ್ಸಿಲ್ ನಿಂತಿತು. ಗುಂಪಿನಲ್ಲಿ ನಿಮ್ಮ ದನಿ ನಿಂತಿತು. ಒಂದು ದಿನ ನೀವು ಬಿಡಿಸಿದ ವಿಮಾನಗಳನ್ನೆಲ್ಲ ಒಂದು ಕೈಚೀಲದಲ್ಲಿ ತಂದು, ನಿಮ್ಮಲ್ಲಿದ್ದರೆ ಉಪಯೋಗವಾದೀತು ಎಂದು ಮೇಜಿನ ಮೇಲಿಟ್ಟು ಹೋದಿರಿ. ಇಟ್ಟುಕೊಂಡೆ. ಇಷ್ಟು ವರ್ಷ ಇಟ್ಟುಕೊಂಡೆ. ನನ್ನ ಹೆಸರು ಬೆಳೆದದ್ದು ಆ ಚೀಲದಲ್ಲಿದ್ದ ನಿಮ್ಮ ಚಿತ್ರಗಳ ಮೇಲೆ. ಆ ವಾಯುನೌಕೆಯ ಚಿತ್ರದ ಕೆಳಗೆ ವಿದೇಶದ ಸಂಗ್ರಹದಲ್ಲಿ ಇವತ್ತಿಗೂ 'ಎರಡನೆಯದು, ಗುರುತಿಸಿದವರು ಕೊಟ್ಟೂರಿನ ಶಾರದಾ' ಎಂದಿದೆ. ತಿರುವಿದ ಆ ತುಂಡನ್ನು ಕಳಿಸಿದವಳೂ ನಾನೇ.

ಹೋದ ತಿಂಗಳು ಪಾಸ್‌ಪೋರ್ಟ್ ಸೈಜಿನ ಫೋಟೋಗೆಂದು ಬಂದಿದ್ದಿರಿ. ಕಂಪ್ಯೂಟರಿನಲ್ಲಿ ಒಂದು ಹೊಸ ತುಂಡು ತೆರೆದಿತ್ತು, ಯಾವುದೋ ವಿಮಾನದ ಬಾಲದ ಚೂರು. ಇದೇನಿರಬಹುದು ಎಂದು ಕೇಳಿದೆ. ನೀವು ಆ ಕಡೆಗೆ ತಿರುಗಿಯೂ ನೋಡಲಿಲ್ಲ. "ನೀವಽ ಹೇಳ್ರಿ ಅಕ್ಕಾರ. ನನಗೇನು ತಿಳೀತೈತಿ" ಅಂದು ಗೋಡೆಯ ಕನ್ನಡಿಯಲ್ಲಿ ತಲೆ ಬಾಚಿಕೊಂಡಿರಿ. ಮೊದಲ ಸಲ ತೆಗೆದ ನಿಮ್ಮ ಫೋಟೋ ಮಸುಕಾಗಿ, ಇನ್ನೊಮ್ಮೆ ತೆಗೆಯಬೇಕಾಯಿತು. ಇಷ್ಟು ವರ್ಷದಲ್ಲಿ ಹಾಗೆಂದೂ ಆಗಿರಲಿಲ್ಲ.

ಇವತ್ತು ಬೆಳಿಗ್ಗೆ ಕತ್ತರಿಸದ, ತಿರುವದ ಚಿತ್ರವನ್ನು ಗುಂಪಿಗೆ ಹಾಕಿದ್ದೇನೆ — ಕೋಟಿನ ಮನುಷ್ಯ, ಗಾಳಿಚೀಲದ ಅಕ್ಷರ ಎಲ್ಲ ಇದೆ. ವಿದೇಶದವರಿಗೂ ಬರೆದೆ: ಇದು ಮೊದಲನೆಯದು, ಗುರುತಿಸಿದವರು ಹಿರೇಹಡಗಲಿಯ ವಿರುಪಣ್ಣ ಮಾಸ್ತರರು, ಮುಂಚೆ ಹೇಳಿದವಳು ಸುಳ್ಳು ಹೇಳಿದ್ದಳು ಎಂದು. ಬರೆದು ಎರಡು ಸಲ ಅಳಿಸಿದೆ, ಸುಳ್ಳೇಕೆ ಹೇಳಲಿ. ಆದರೆ ನಿಮ್ಮ ಹೆಸರು ಬರೆಯುವಾಗ ಎದೆಯುಬ್ಬಿತು. ನೋಡುವವರು ನಮ್ಮ ಸೀಮೆಯಲ್ಲಿ ಯಾರಾದರೂ ಇದ್ದರೆ ಅದು ನೀವು. ಎರಡನೆಯವಳು ನಾನು. ಆ ಸಾಲಿನಲ್ಲಿ ಎರಡನೆಯವಳಾಗಿ ನಿಲ್ಲುವುದಕ್ಕೂ ನನಗೆ ಹಮ್ಮಿದೆ.

ಕ್ಷಮಿಸಿ ಅನ್ನುವುದಿಲ್ಲ, ಅದು ನಿಮಗೆ ಬಿಟ್ಟದ್ದು. ನಾಳೆ ಮೊದಲ ಬಸ್ಸಿಗೆ ಕೈಚೀಲ ಹಿಡಿದು ನಾನೇ ಹಿರೇಹಡಗಲಿಗೆ ಬರುತ್ತೇನೆ. ಬಾಗಿಲು ತೆರೆಯದಿದ್ದರೆ ಕಟ್ಟೆಯ ಮೇಲಿಟ್ಟು ಬರುತ್ತೇನೆ. ಚೀಲದ ಮೇಲ್ಗಡೆ ಆ ಬಾಲದ ಚೂರು ಇರುತ್ತದೆ, ನನಗೆ ಅದು ಇನ್ನೂ ಹೊಳೆದಿಲ್ಲ. ಜೊತೆಗೆ ಒಂದು ಪೆನ್ಸಿಲ್. ನೋಡುವ ಮೊದಲು ಚಿತ್ರ ತಿರುವಿಲ್ಲಲ್ರಿ ಎಂಬ ಅವತ್ತಿನ ಪ್ರಶ್ನೆಯನ್ನೇ ಕೇಳಿ. ನಾನು ಇಲ್ಲ ಎಂದು ಆಣೆ ಮಾಡಿದರೂ ನಂಬಬೇಡಿ, ಮಾಸ್ತರ. ಹಗ್ಗ ನೋಡಿ.